ಗೇಮ್ ಕಂಟ್ರೋಲರ್: ಕಂಪನ ಮತ್ತು ಚಲನಸಂವೇದನೆಯ ಚರಿತ್ರೆ

ಗೇಮ್ ಕಂಟ್ರೋಲರ್: ವಿಡಿಯೊ ಗೇಮ್ ಆಡುವವರು ಕೈಯಲ್ಲಿ ಹಿಡಿಯುವ ಸಾಧನ. ಗುಂಡಿ, ಕಡ್ಡಿಗಳ ಜೊತೆಗೆ ಎರಡು ಗುಣಗಳು ಇದಕ್ಕೆ ಬರಬರುತ್ತ ಸೇರಿಕೊಂಡವು. ಆಟದಲ್ಲಿ ಪೆಟ್ಟು ಬಿದ್ದಾಗ ಅಂಗೈಗೆ ನಡುಕ ಮುಟ್ಟಿಸುವುದು ಒಂದು. ಕೈ ಓರೆಯಾದದ್ದನ್ನು, ಬೀಸಿದ್ದನ್ನು ಗುರುತಿಸುವುದು ಇನ್ನೊಂದು. ಎರಡನೆಯದರ ವಿಷಯದಲ್ಲಿ ‘ಮೊದಲು ಮಾಡಿದವರು ಯಾರು’ ಎಂಬ ತಕರಾರಿದೆ. ಆ ತಕರಾರಿನಲ್ಲಿ ಬೆಂಗಳೂರಿನ ಹೆಸರೂ ಕೇಳಿಬರುತ್ತದೆ.

ಕಂಪನದ ಕಥೆ ಸರಳ. 1976ರಲ್ಲಿ ಸೆಗಾದ ಮೋಟೊ-ಕ್ರಾಸ್ ಯಂತ್ರದಲ್ಲಿ ಬೈಕು ಡಿಕ್ಕಿ ಹೊಡೆದರೆ ಹ್ಯಾಂಡಲ್ ಅದುರುತ್ತಿತ್ತು. ಮನೆಯ ಆಟಗಳಲ್ಲಿ ಅದು ನೆಲೆಯೂರಿದ್ದು 1997ರಲ್ಲಿ, ನಿಂಟೆಂಡೊದ ರಂಬಲ್ ಪ್ಯಾಕ್ ಮತ್ತು ಸೋನಿಯ ಡ್ಯುಯಲ್‌ಶಾಕ್ ಬಂದಾಗ. ಡ್ಯುಯಲ್‌ಶಾಕ್‌ನ ಎರಡು ಹಿಡಿಗಳಲ್ಲಿ ಒಂದೊಂದು ಮೋಟರು. ಮೋಟರಿನ ಅಚ್ಚಿಗೆ ಒಂದೇ ಮಗ್ಗುಲಲ್ಲಿ ತೂಕ. ಅಚ್ಚು ತಿರುಗಿದಾಗ ಆ ತೂಕ ಇಡೀ ಸಾಧನವನ್ನು ಎಳೆದಾಡುತ್ತದೆ. ಎಡಗೈಯ ತೂಕ ದೊಡ್ಡದು, ಅದರದು ಮಂದ ಗುಡುಗು. ಬಲಗೈಯದು ಚಿಕ್ಕದು, ಅದರದು ಚುರುಕಾದ ಝುಮುಝುಮು.

ಚಲನಸಂವೇದನೆಯ ದಾಖಲೆ ಇಷ್ಟು ನೇರವಾಗಿಲ್ಲ. 2006ರ ನಿಂಟೆಂಡೊ ವೀ ರಿಮೋಟಿನಿಂದಲೇ ಎಲ್ಲವೂ ಶುರುವಾಯಿತೆಂಬ ಮಾತು ಪ್ರಚಲಿತವಾಗಿದೆ, ಅದು ತಪ್ಪು. 1981ರ ಲೆ ಸ್ಟಿಕ್ ಎಂಬ ಜಾಯ್‌ಸ್ಟಿಕ್ಕಿನೊಳಗೆ ಓರೆಯನ್ನು ಗುರುತಿಸುವ ಪಾದರಸದ ಸ್ವಿಚ್ಚುಗಳಿದ್ದವು. 1998ರ ಮೈಕ್ರೋಸಾಫ್ಟ್ ಸೈಡ್‌ವೈಂಡರ್ ಫ್ರೀಸ್ಟೈಲ್ ಪ್ರೊ ಕೈ ಓರೆ ಮಾಡಿದಂತೆ ಆಟ ನಡೆಸುತ್ತಿತ್ತು. 2000ದಲ್ಲಿ ಗೇಮ್ ಬಾಯ್ ಕಲರ್‌ಗೆ ಬಂದ ಕಿರ್ಬಿ ಆಟದ ಕಾರ್ಟ್ರಿಜ್ಜಿನಲ್ಲೇ ಚಲನೆ ಅಳೆಯುವ ಆಕ್ಸೆಲೆರೊಮೀಟರ್ ಇತ್ತು.

ಕರ್ನಾಟಕಕ್ಕೆ ಸಂಬಂಧಿಸಿದ ಹೇಳಿಕೆ ಸಿಂಪ್ಯೂಟರ್ ಕುರಿತದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರೂ ಎನ್‌ಕೋರ್ ಕಂಪನಿಯವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಓದು ಬಾರದವರಿಗೂ ಕೈಗೆಟುಕಬೇಕಾದ ಅಗ್ಗದ ಅಂಗೈ ಕಂಪ್ಯೂಟರ್ ಅವರ ಗುರಿ. ಆಟದ ಸಾಧನವಾಗಿ ಅದು ಹುಟ್ಟಿದ್ದಲ್ಲ. ಪಿಕೋಪೆಟಾ ಕಂಪನಿ ರೂಪಿಸಿ, ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ ‘ಅಮಿಡಾ’ ಮಾದರಿ 2004ರ ಏಪ್ರಿಲ್ 26ರಂದು ಮಾರುಕಟ್ಟೆಗೆ ಬಂತು. ಅದರೊಳಗೆ ಚಲನೆಯ ಸೆನ್ಸರ್ ಇತ್ತು: ಮಣಿಕಟ್ಟನ್ನು ಒಮ್ಮೆ ಝಾಡಿಸಿದರೆ ಪರದೆಯ ಮೇಲಿನ ಪುಸ್ತಕದ ಪುಟ ಮಗುಚುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು.

ಇಷ್ಟರಿಂದ ‘ಜಗತ್ತಿನಲ್ಲೇ ಮೊದಲು’ ಎನ್ನಲಾಗದು. ಕಾಂಪ್ಯಾಕ್ ಪ್ರಯೋಗಾಲಯದ ‘ಇಟ್ಸಿ’ ಎಂಬ ಅಂಗೈ ಕಂಪ್ಯೂಟರಿನಲ್ಲಿ ಓರೆ ಮಾಡಿ ಪುಟ ಸರಿಸುವ ಪ್ರಯೋಗ 2000ದ ವೇಳೆಗೆ ಪ್ರಕಟವಾಗಿತ್ತು. ಆದರೆ ಇಟ್ಸಿ ಸಂಶೋಧನೆಗೆಂದು ಮಾಡಿದ್ದು, ಅಂಗಡಿಗೆ ಬರಲಿಲ್ಲ. ಮಾರಾಟಕ್ಕೆ ಬಂದ ಅಂಗೈ ಕಂಪ್ಯೂಟರುಗಳ ಮಟ್ಟಿಗೆ ಅಮಿಡಾದ ಹಕ್ಕಿಗೆ ಬಲವಿದೆ. ವ್ಯಾಪಾರವಂತೂ ಕೈಹಿಡಿಯಲಿಲ್ಲ. ಮೊದಲ ವರ್ಷ 50,000 ಮಾರಾಟದ ನಿರೀಕ್ಷೆಯಿತ್ತು, ಹೋದದ್ದು ಸುಮಾರು 4,000.

ಎರಡೂ ಗುಣಗಳು ಎದುರುಬದುರಾದದ್ದು ಕೋರ್ಟಿನ ನೆರಳಿನಲ್ಲಿ. ಕಂಪನದ ಪೇಟೆಂಟ್‌ಗಳಿದ್ದ ಇಮ್ಮರ್ಶನ್ ಕಂಪನಿ 2002ರಲ್ಲಿ ಸೋನಿ, ಮೈಕ್ರೋಸಾಫ್ಟ್ ಎರಡರ ಮೇಲೂ ದಾವೆ ಹೂಡಿತು. ಮೈಕ್ರೋಸಾಫ್ಟ್ 2003ರಲ್ಲಿ ರಾಜಿಯಾಯಿತು. ಸೋನಿ ಪಟ್ಟು ಬಿಡಲಿಲ್ಲ. 2004ರಲ್ಲಿ ಜ್ಯೂರಿ 8.2 ಕೋಟಿ ಡಾಲರ್ ಪರಿಹಾರ ವಿಧಿಸಿತು. 2006ರಲ್ಲಿ ಪ್ಲೇಸ್ಟೇಶನ್ 3ರ ಜೊತೆ ಬಂದ ಸಿಕ್ಸಾಕ್ಸಿಸ್ ಕಂಟ್ರೋಲರಿನಲ್ಲಿ ಚಲನೆಯ ಸೆನ್ಸರ್ ಇತ್ತು, ಕಂಪನ ಇರಲಿಲ್ಲ. ಮೋಟರಿನ ನಡುಕ ಸೆನ್ಸರಿನ ಅಳತೆಯನ್ನು ಕೆಡಿಸುತ್ತದೆ ಎಂಬುದು ಸೋನಿ ಕೊಟ್ಟ ಕಾರಣ.

ಕಾರಣದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆಕ್ಸೆಲೆರೊಮೀಟರಿನೊಳಗೆ ಸಿಲಿಕಾನಿನ ಸೂಕ್ಷ್ಮ ತುಣುಕೊಂದು ಎಳೆಗಳ ಮೇಲೆ ತೂಗುತ್ತದೆ. ಅದರ ಅಲುಗಾಟವೇ ಅಳತೆ. ಅಲುಗಿಸಿದ್ದು ಆಟಗಾರನ ಕೈಯೋ ಪಕ್ಕದ ಮೋಟರೋ ಎಂಬುದು ಅದಕ್ಕೆ ತಿಳಿಯದು. ಆದರೆ 2004ರಲ್ಲೇ ನಿಂಟೆಂಡೊದ ವಾರಿಯೊವೇರ್ ಟ್ವಿಸ್ಟೆಡ್ ಆಟದ ಒಂದೇ ಕಾರ್ಟ್ರಿಜ್ಜಿನಲ್ಲಿ ತಿರುವನ್ನು ಗುರುತಿಸುವ ಗೈರೊ ಸೆನ್ಸರೂ ಕಂಪನವೂ ಇದ್ದವು. ಸಿಕ್ಸಾಕ್ಸಿಸ್ ಬಂದ ತಿಂಗಳಲ್ಲೇ ಬಿಡುಗಡೆಯಾದ ವೀ ರಿಮೋಟಿನಲ್ಲೂ ಎರಡೂ ಒಟ್ಟಿಗಿದ್ದವು. ಸೋನಿ 2007ರ ಮಾರ್ಚ್‌ನಲ್ಲಿ ಇಮ್ಮರ್ಶನ್ ಜೊತೆ ರಾಜಿಯಾಯಿತು. ಅದೇ ವರ್ಷದ ಕೊನೆಗೆ ಎರಡೂ ಗುಣಗಳಿರುವ ಡ್ಯುಯಲ್‌ಶಾಕ್ 3 ಜಪಾನಿನ ಅಂಗಡಿಗಳಿಗೆ ಬಂತು. ಅಡ್ಡಿ ತಂತ್ರಜ್ಞಾನದ್ದೋ ದಾವೆಯದ್ದೋ ಎಂಬುದನ್ನು ತಾರೀಖುಗಳನ್ನು ನೋಡಿ ಓದುಗರೇ ಅಳೆಯಬಹುದು.

ಆಮೇಲಿನದು ಸುಧಾರಣೆಯ ಕಾಲ. ಆಕ್ಸೆಲೆರೊಮೀಟರ್ ಒಂದರಿಂದಲೇ ಕೈಯ ತಿರುವು ನಿಖರವಾಗಿ ಸಿಗದ ಕಾರಣ 2009ರಲ್ಲಿ ವೀ ರಿಮೋಟಿಗೆ ಗೈರೊ ಇರುವ ಮೋಶನ್ ಪ್ಲಸ್ ಜೋಡಣೆ ಬಂತು. 2017ರ ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ ತಿರುಗುವ ಮೋಟರನ್ನು ಬಿಟ್ಟು, ಹಿಂದೆಮುಂದೆ ಮಿಡಿಯುವ ಚಾಲಕವನ್ನು ಬಳಸಿತು. 2020ರ ಡ್ಯುಯಲ್‌ಸೆನ್ಸ್‌ನಲ್ಲಿ ಬೆರಳು ಒತ್ತುವ ಟ್ರಿಗರ್‌ಗಳೇ ಎದುರು ಒತ್ತಡ ಕೊಡುತ್ತವೆ: ಬಿಲ್ಲಿನ ಹೆದೆ ಎಳೆಯುವ ದೃಶ್ಯದಲ್ಲಿ ಗುಂಡಿ ಬಿಗಿಯಾಗುತ್ತದೆ.