ಲಿಪಿಯಿಲ್ಲದವರು ಮಡಕೆಯ ಮೇಲೆ ಬರೆದದ್ದು

ನಾಸ್ಕಾ ಎಂದೊಡನೆ ನೆನಪಾಗುವುದು ಮರುಭೂಮಿಯ ನೆಲದ ಮೇಲಿನ ಬೃಹತ್ ರೇಖಾಚಿತ್ರಗಳು. ಆಕಾಶದಿಂದ ನೋಡಿದರೆ ಹಕ್ಕಿ, ಕೋತಿ, ಜೇಡಗಳಾಗಿ ಕಾಣುವ ಆ ಗೆರೆಗಳನ್ನು ಯುನೆಸ್ಕೊ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅವನ್ನು ಎಳೆದ ಜನ ಏನು ಬೆಳೆದರು, ಯಾರನ್ನು ಪೂಜಿಸಿದರು ಎಂದು ತಿಳಿಯಬೇಕಾದರೆ ಅವರ ಮಡಕೆಗಳನ್ನೇ ನೋಡಬೇಕು.

ಪೆರು ದೇಶದ ದಕ್ಷಿಣ ಕರಾವಳಿಯಲ್ಲಿ ಮಳೆ ಬೀಳುವುದೇ ಅಪರೂಪ. ಆಂಡೀಸ್ ಪರ್ವತಗಳಿಂದ ಇಳಿದು ಬರುವ ಸಣ್ಣ ನದಿಗಳ ಕಣಿವೆಗಳಲ್ಲಿ ಮಾತ್ರ ಬೇಸಾಯ ಸಾಧ್ಯ. ಇಕಾ ಮತ್ತು ನಾಸ್ಕಾ ಕಣಿವೆಗಳಲ್ಲಿ ಕ್ರಿಸ್ತಶಕದ ಮೊದಲ ಏಳು ಶತಮಾನಗಳ ಕಾಲ ಬಾಳಿದ ಈ ಜನರಿಗೆ ಲಿಪಿ ಇರಲಿಲ್ಲ. ಹೀಗಾಗಿ ಅವರ ಬಗ್ಗೆ ನಮಗೆ ದೊರೆಯುವ ಮಾಹಿತಿಯ ದೊಡ್ಡ ಪಾಲು ಮಡಕೆಗಳ ಮೇಲಿನ ಚಿತ್ರಗಳಿಂದಲೇ ಬಂದದ್ದು.

ಕುಂಬಾರರ ತಿಗರಿಯೂ ಅವರಿಗೆ ಗೊತ್ತಿರಲಿಲ್ಲ. ಮಣ್ಣನ್ನು ಹೊಸೆದು, ಸುರುಳಿ ಸುತ್ತಿ, ಕೈಯಿಂದಲೇ ತೆಳುವಾದ ಪಾತ್ರೆ ಮಾಡುತ್ತಿದ್ದರು. ಅವರಿಗಿಂತ ಹಿಂದೆ ಅಲ್ಲಿದ್ದ ಪರಾಕಾಸ್ ಜನ ಮಡಕೆಯನ್ನು ಸುಟ್ಟ ಮೇಲೆ, ಮರದ ಅಂಟಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಿದ್ದರು. ಆ ಬಣ್ಣ ಸುಲಭವಾಗಿ ಉದುರುತ್ತಿತ್ತು. ನಾಸ್ಕಾ ಕುಂಬಾರರು ಖನಿಜದ ಬಣ್ಣ ಬೆರೆಸಿದ ನುಣುಪು ಮಣ್ಣಿನ ದ್ರಾವಣವನ್ನು ಸುಡುವ ಮೊದಲೇ ಬಳಿದು, ಉಜ್ಜಿ ಹೊಳಪು ಕೊಟ್ಟರು. ಬೆಂಕಿಯಲ್ಲಿ ಬಣ್ಣ ಮಡಕೆಯೊಡನೆ ಒಂದಾಯಿತು. ಕೆಂಪು, ಕಪ್ಪು, ಬಿಳಿ, ಕಿತ್ತಳೆ, ಕಂದು, ಬೂದು, ನೇರಳೆ ಹೀಗೆ ಹತ್ತಕ್ಕೂ ಹೆಚ್ಚು ಛಾಯೆಗಳು ಇಂದಿಗೂ ಮಾಸಿಲ್ಲ.

ಮೆಕ್ಕೆಜೋಳ, ಅವರೆಯಂಥ ಕಾಳು, ಮೆಣಸಿನಕಾಯಿ, ಮೀನು, ಝೇಂಕಾರದ ಹಕ್ಕಿ ಎಲ್ಲವೂ ಈ ಪಾತ್ರೆಗಳ ಮೇಲಿವೆ. ಬೆಳೆ ಹಿಡಿದು ನಿಂತ ರೈತನಿದ್ದಾನೆ. ಕಡಲಿನ ಬಲಿಷ್ಠ ಬೇಟೆಗಾರ ಓರ್ಕಾ ತಿಮಿಂಗಿಲಕ್ಕೆ ಮನುಷ್ಯನ ಕೈ ಮೂಡಿದೆ. ಮೀಸೆಯಂಥ ಮುಖವಾಡ ತೊಟ್ಟ ದೈವವೊಂದು ಕತ್ತರಿಸಿದ ತಲೆಯನ್ನು ಹಿಡಿದಿದೆ. ಎರಡು ಕೊಳವೆ ಮೂತಿಗಳನ್ನು ಸೇತುವೆಯಂಥ ಹಿಡಿ ಜೋಡಿಸುವ ಹೂಜಿ ಇವರ ವಿಶಿಷ್ಟ ಆಕಾರ. ಇಂಥ ಚಿತ್ರಗಳ ಪಾತ್ರೆ ಸಿರಿವಂತರ ಸ್ವತ್ತು ಮಾತ್ರವಾಗಿರಲಿಲ್ಲ. ಮಾರ್ಕಾಯ ಎಂಬ ಹಳ್ಳಿಯ ನೆಲೆಯಲ್ಲಿ ಪುರಾತತ್ವಜ್ಞ ಕೆವಿನ್ ವಾನ್ ನಡೆಸಿದ ಉತ್ಖನನದಲ್ಲಿ ಸಾಧಾರಣ ಮನೆಗಳಲ್ಲೂ ಅವು ದೊರೆತವು.

ಈ ಮಡಕೆಗಳ ತವರನ್ನು ಗುರುತಿಸಿದವರು ಜರ್ಮನಿಯ ಮ್ಯಾಕ್ಸ್ ಊಲೆ. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಇಂಥ ಕೆಲವು ಪಾತ್ರೆಗಳನ್ನು ಕಂಡಿದ್ದ ಅವರಿಗೆ 1901ರಲ್ಲಿ ಇಕಾ ಕಣಿವೆಯ ಗೋರಿಗಳಲ್ಲಿ ಅದೇ ಬಗೆಯವು ಸಿಕ್ಕವು. ಮುಂದೆ ಲಾರೆನ್ಸ್ ಡಾಸನ್ ಶೈಲಿಯ ಬದಲಾವಣೆಗಳನ್ನು ಹೋಲಿಸಿ ಮಡಕೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದರು. ಮೊದಮೊದಲು ಸಹಜವಾಗಿದ್ದ ಪ್ರಾಣಿ, ಸಸ್ಯಗಳ ಚಿತ್ರಗಳು ಬರಬರುತ್ತ ಸುರುಳಿ, ಮುಳ್ಳುಗಳಿಂದ ತುಂಬಿ ಜಟಿಲವಾದವು. ಯೋಧರೂ ಕತ್ತರಿಸಿದ ತಲೆಗಳೂ ಹೆಚ್ಚಿದವು.

ಆ ತಲೆಗಳು ಕೇವಲ ಕಲ್ಪನೆಯಲ್ಲ. ಹಣೆಗೆ ತೂತು ಕೊರೆದು ಹಗ್ಗ ಪೋಣಿಸಿದ, ತುಟಿಗಳನ್ನು ಮುಳ್ಳಿನಿಂದ ಬಿಗಿದ ನಿಜವಾದ ತಲೆಗಳೇ ದೊರೆತಿವೆ. ಅವು ದೂರದ ಶತ್ರುಗಳವೇ, ಪೂರ್ವಿಕರವೇ ಎಂಬ ಚರ್ಚೆ ಬಹುಕಾಲ ನಡೆಯಿತು. ಆಲ್‌ಫ್ರೆಡ್ ಕ್ರೋಬರ್ 1920ರ ದಶಕದಲ್ಲಿ ನಾಸ್ಕಾದಿಂದ ಸಂಗ್ರಹಿಸಿದ್ದ ತಲೆಗಳು ಶಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿದ್ದವು. ಕೆಲ್ಲಿ ನಡ್ಸನ್ ಮತ್ತು ಸಂಗಡಿಗರು ಅವುಗಳ ಹಲ್ಲು, ಮೂಳೆಗಳ ರಾಸಾಯನಿಕ ಪರೀಕ್ಷೆ ನಡೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಂಡ ಅನ್ನ, ಕುಡಿದ ನೀರಿನ ಮೂಲಕ ಆಯಾ ನೆಲದ ಗುರುತು ದೇಹದಲ್ಲಿ ಉಳಿಯುತ್ತದೆ. ತಲೆಗಳ ಗುರುತು ಅದೇ ಪ್ರದೇಶದಲ್ಲಿ ಹೂಳಲ್ಪಟ್ಟ ಇತರರ ಗುರುತಿಗೆ ಹೊಂದಿಕೆಯಾಯಿತು. ಅಂದರೆ ಅವರು ದೂರದೇಶದವರಲ್ಲ, ಅದೇ ಸೀಮೆಯವರು.

ಎಲ್ಲಿಂದ ತಂದದ್ದು ಎಂಬ ದಾಖಲೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ಬಹುಪಾಲು ನಾಸ್ಕಾ ಮಡಕೆಗಳಿಗೆ ಆ ಭಾಗ್ಯವಿಲ್ಲ. ಪ್ರಾಚೀನ ಅವಶೇಷಗಳು ರಾಷ್ಟ್ರದ ಸ್ವತ್ತೆಂದು ಪೆರು 1929ರಲ್ಲೇ ಕಾನೂನು ಮಾಡಿದರೂ ‘ವಾಕೆರೊ’ ಎಂದು ಕರೆಯಲಾಗುವ ಗೋರಿಗಳ್ಳರು ಸಾವಿರಾರು ಗೋರಿಗಳನ್ನು ಬಗೆದರು. ಅವರಿಗೆ ಬೇಕಾದದ್ದು ಮಾರಾಟವಾಗುವ ಪಾತ್ರೆ. ಎಲುಬು, ಬಟ್ಟೆ, ಒಡಕು ಚೂರುಗಳನ್ನು ಮರಳಿನಲ್ಲೇ ಚೆಲ್ಲಿ ಹೋದರು.

ಹಾಗೆ ಹೊರಬಂದ ಮಡಕೆಗಳು ಜಗತ್ತಿನ ಅನೇಕ ಸಂಗ್ರಹಾಲಯಗಳಲ್ಲಿ ಇಂದಿಗೂ ಹೊಳೆಯುತ್ತಿವೆ. ಅದು ರೈತನ ಗೋರಿಯದೋ ಯೋಧನದೋ, ಪಕ್ಕದಲ್ಲಿ ಇನ್ನೇನಿತ್ತು ಎಂಬುದನ್ನು ಹೇಳಬಲ್ಲ ಕುರುಹು ಮಾತ್ರ ಗೋರಿಯ ಜೊತೆಗೇ ಅಳಿದಿದೆ. ಬೇರೆ ಬರಹವನ್ನೇ ಬಿಟ್ಟುಹೋಗದ ಜನರ ಮಟ್ಟಿಗೆ ಈ ನಷ್ಟ ತುಂಬಲಾರದ್ದು.