ಬೆಳ್ಳಂದೂರು ಕೆರೆಗೆ ಇಳೀತಿದ್ದ ವಿಮಾನ, ನಮ್ಮನೆ ಹಿತ್ತಾಳೆ ಗಾಲಿ

ಬೆಳ್ಳಂದೂರು ಕೆರೆ ಅಂದ್ರೆ ಈಗ ಎಲ್ರಿಗೂ ನೊರೆ ನೆಪ್ಪಾಗ್ತದೆ. ಬೆಂಗಳೂರಲ್ಲಿ ಮಕ್ಕಳಿರೋರೆಲ್ಲ ಟೀವೀಲಿ ನೋಡೇ ಇರ್ತೀರ. ಹತ್ತಿ ಕೆದರಿದಂಗೆ ನೊರೆ ರಸ್ತೆ ಮೇಲೆ ಹಾರಾಡಿದ್ದು, 2015ರಲ್ಲಿ ಒಂದ್ಸಲ, 2017ರಲ್ಲಿ ಒಂದ್ಸಲ ಕೆರೆಗೇ ಬೆಂಕಿ ಹತ್ತಿದ್ದು. ಆದ್ರೆ ಒಂದು ಕಾಲದಲ್ಲಿ ಅದೇ ನೀರಿನ ಮೇಲೆ ವಿಮಾನ ಇಳೀತಿದ್ವು ಕಣ್ರವ್ವ. ಬಿದ್ದಿದ್ದಲ್ಲ, ಬಾತುಕೋಳಿ ಇಳಿದಂಗೆ ನಿಧಾನಕ್ಕೆ ಬಂದು ಇಳೀತಿದ್ದಿದ್ದು. ನಮ್ಮ ಭಾವನ ಮಗ ಆ ವಿಮಾನದ ಪುಟ್ಟ ಮಾದರಿ ಮಾಡ್ತಾವ್ನೆ. ಒಂದು ವರ್ಷದಿಂದ ಕೊಬ್ಬರಿ ಅಟ್ಟದ ಕೆಳಗಿನ ರೂಮು ಅವಂದೇ ಆಗದೆ. ನಂಗೆ ಈ ಕತೆಯೆಲ್ಲ ಗೊತ್ತಾಗಿದ್ದು ಅವನಿಂದ.

ಆ ವಿಮಾನದ ಹೆಸರು ಕ್ಯಾಟಲೀನಾ. ಅಮೆರಿಕದವರು ಮಾಡಿದ್ದು, 1935ರಲ್ಲಿ ಮೊದಲು ಹಾರಿದ್ದು. ಕ್ಯಾಲಿಫೋರ್ನಿಯಾ ಹತ್ರ ಇರೋ ಒಂದು ದ್ವೀಪದ ಹೆಸರನ್ನ ಇಂಗ್ಲೆಂಡಿನವರು ಅದಕ್ಕೆ ಇಟ್ರು. ಮೈಯೆಲ್ಲ ದೋಣಿ, ಮೇಲೆ ಒಂದು ಕಂಬದ ಮೇಲೆ ಉದ್ದಾನೆ ರೆಕ್ಕೆ. ರೆಕ್ಕೆ ಈ ತುದಿಯಿಂದ ಆ ತುದಿಗೆ 104 ಅಡಿ. ನಮ್ಮ ತೋಟದ ಹಳೇ ತೆಂಗಿನಮರ ಒಂದನ್ನ ಮಲಗಿಸಿ, ಅದರ ತಲೆಗೆ ಇನ್ನರ್ಧ ಮರ ಸೇರಿಸಿದ್ರೆ ಎಷ್ಟೋ ಅಷ್ಟು. ತೂಕ ಖಾಲಿ ಇದ್ದಾಗ್ಲೇ ಒಂಬತ್ತು ಟನ್ನಿನ ಮೇಲೆ. ತಿಪಟೂರು ಮಂಡಿಯಿಂದ ಹೊರಡೋ ಒಂದು ಲಾರಿ ಲೋಡು ಕೊಬ್ಬರಿ ಅಂದ್ಕೊಳ್ಳಿ. ಒಂದ್ಸಲ ಎದ್ರೆ ಹಗಲೂ ರಾತ್ರಿ ಹಾರೋದು. 1943ರಿಂದ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಂಹಳದ ಕೊಗ್ಗಲ ಕೆರೆಗೆ ಎಲ್ಲೂ ನಿಲ್ಲದಂಗೆ ಬರ್ತಿತ್ತು. ಇಪ್ಪತ್ತೇಳು ಗಂಟೆ ಮೇಲೇನೇ ಹಿಡೀತಿತ್ತು, ಒಳಗೆ ಕೂತೋರು ಎರಡು ಸಲ ಸೂರ್ಯ ಹುಟ್ಟೋದು ನೋಡೋರಂತೆ. ಅಷ್ಟು ಹೊತ್ತು ಕಾಲು ಮಡಿಸ್ಕೊಂಡು ಕೂರೋದು ಅಂದ್ರೆ ನಂಗಂತೂ ತಿಪಟೂರಿಂದ ಧರ್ಮಸ್ಥಳದ ಬಸ್ಸೇ ಸಾಕು.

ಈ ವಿಮಾನ ಬೆಂಗಳೂರಿಗೆ ಯಾಕೆ ಬಂತು? ವಾಲ್‌ಚಂದ್ ಹೀರಾಚಂದ್ ಅನ್ನೋ ಸಾಹುಕಾರರಿಗೆ 1939ರಲ್ಲಿ ಪಾಲಿ ಅನ್ನೋ ಅಮೆರಿಕದವರ ಪರಿಚಯ ಆಯ್ತು. ವಿಮಾನದ ಕಾರ್ಖಾನೆ ಹಾಕೋಣ ಅಂತ ಮಾತಾಯ್ತು. ಜಾಗ ಹುಡುಕಿದಾಗ ಕೈ ಹಿಡಿದಿದ್ದು ನಮ್ಮ ಮೈಸೂರು ಸಂಸ್ಥಾನ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಜಮೀನೂ ಕೊಟ್ರು, 25 ಲಕ್ಷ ರೂಪಾಯಿ ಬಂಡವಾಳಾನೂ ಹಾಕಿದ್ರು. ಶಿವನಸಮುದ್ರದ ಕರೆಂಟಿತ್ತು, ಭದ್ರಾವತಿ ಕಬ್ಬಿಣ ಇತ್ತು, ಟಾಟಾ ಇನ್ಸ್ಟಿಟ್ಯೂಟಿನಲ್ಲಿ ಓದಿದೋರಿದ್ರು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುವಾಯ್ತು, ಈಗಿನ ಎಚ್‌ಎಎಲ್. ಮುಂದಿನ ವರ್ಷಾನೇ ಹಾರ್ಲೋ ಅನ್ನೋ ಪುಟ್ಟ ವಿಮಾನ ಜೋಡಿಸಿ ಹಾರಿಸಿದ್ರು.

ಅಷ್ಟೊತ್ತಿಗೆ ಯುದ್ಧ ನಮ್ಮ ಬಾಗಿಲಿಗೇ ಬಂದಿತ್ತು. 1942ರ ಏಪ್ರಿಲ್ 4ನೇ ತಾರೀಖು ಸಿಂಹಳದಿಂದ ಹೊರಟ ಒಂದು ಕ್ಯಾಟಲೀನಾ ಸಮುದ್ರದ ಮೇಲೆ ಜಪಾನಿನ ಹಡಗುಗಳ ದಂಡು ಬರೋದನ್ನ ಕಂಡು, ವೈರ್‌ಲೆಸ್ಸಲ್ಲಿ ಸುದ್ದಿ ಮುಟ್ಟಿಸ್ತು. ಓಡಿಸ್ತಿದ್ದೋರು ಕೆನಡಾದ ಬರ್ಚಲ್. ಸುದ್ದಿ ಹೇಳೋಷ್ಟರಲ್ಲಿ ಜಪಾನಿನವರು ವಿಮಾನಾನ ಹೊಡೆದುರುಳಿಸಿ, ಬದುಕಿದೋರನ್ನ ಸೆರೆ ಹಿಡ್ಕೊಂಡ್ರು. ಮಾರನೇ ದಿನ ಕೊಲಂಬೋ ಮೇಲೆ ಬಾಂಬು ಬಿತ್ತು, ಆದ್ರೆ ಅಲ್ಲಿನೋರು ಮಲಗಿರಲಿಲ್ಲ. ಇಂಥ ವಿಮಾನಗಳು ಸಿಂಹಳದಲ್ಲಿ, ಮದ್ರಾಸಿನ ರೆಡ್‌ಹಿಲ್ಸ್ ಕೆರೇಲಿ ಎಲ್ಲ ಇದ್ವು. ಕೆಟ್ರೆ ಅಮೆರಿಕಕ್ಕೆ ತಗೊಂಡು ಹೋಗಕ್ಕಾಗ್ತದಾ? 1942ರಲ್ಲಿ ಸರ್ಕಾರ ಕಾರ್ಖಾನೆ ವಹಿಸ್ಕೊಳ್ತು, 1943ರಲ್ಲಿ ಅಮೆರಿಕದ ಸೇನೆ ಕೈಗೆ ಹೋಯ್ತು. ಹೊಸದು ಮಾಡೋದು ಬಿಟ್ಟು ರಿಪೇರಿ ಕೆಲಸಾನೇ ದೊಡ್ಡದಾಯ್ತು. ನೀರಿಗಿಳಿಯೋ ವಿಮಾನಕ್ಕೆ ಪಕ್ಕದಲ್ಲೇ ಬೆಳ್ಳಂದೂರು ಕೆರೆ ಸಿಕ್ತು. ಕೆರೇಲಿ ಇಳಿಸಿ, ದಡಕ್ಕೆ ಎಳ್ಕೊಂಡು ಕಾರ್ಖಾನೆಗೆ ತರೋರು.

ಎಳೆಯೋದು ಹೆಂಗೆ? ದೋಣಿಗೆ ಗಾಲಿ ಇರಲ್ಲ. ಅದಕ್ಕೇ ಇಂಥ ವಿಮಾನಕ್ಕೆ ಬೇರೆ ಗಾಲಿ ಮಾಡಿರ್ತಾರೆ, ಪಕ್ಕಕ್ಕೆ ಎರಡು ಜೊತೆ, ಬಾಲದ ಕೆಳಗೆ ಒಂದು. ವಿಮಾನ ನೀರಲ್ಲಿ ತೇಲ್ತಿರೋವಾಗ್ಲೇ ಆಳುಗಳು ನೀರಿಗಿಳಿದು ಗಾಲಿ ಸಿಕ್ಕಿಸಬೇಕು, ಆಮೇಲೆ ಎಳೀಬೇಕು. ವಾಪಸ್ ನೀರಿಗೆ ಬಿಟ್ಟಾಗ ಬಿಚ್ಕೋಬೇಕು. ಮಲ್ಲಾಘಟ್ಟದ ಕೆರೇಲಿ ಎದೆಮಟ್ಟ ನೀರಲ್ಲಿ ನಿಂತು ಒಂದು ಲಾರಿಗೆ ಚಕ್ರ ಹಾಕೋದು ಅಂದ್ಕೊಳ್ಳಿ.

ದಡಕ್ಕೆ ಬಂದ ಮೇಲೆ ತೊಳೆಯೋ ಕೆಲಸ. ಈ ಮಾತು ನಮ್ಗೆಲ್ಲ ಬೇಗ ಅರ್ಥ ಆಗ್ತದೆ. ಉಪ್ಪಿನಕಾಯಿನ ಯಾಕೆ ಅಲ್ಯೂಮಿನಿಯಂ ಪಾತ್ರೇಲಿ ಇಡಲ್ಲ? ಉಪ್ಪು ಪಾತ್ರೆನ ತಿಂದು ತೂತು ಮಾಡ್ತದೆ. ಈ ವಿಮಾನದ ಮೈ ಅಲ್ಯೂಮಿನಿಯಂ ತಗಡು, ನಿಲ್ಲೋದು ಸಮುದ್ರದ ಉಪ್ಪು ನೀರಲ್ಲಿ. ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ತಿಂದುಹೋದ ತಗಡು ಕಿತ್ತು, ಹೊಸದು ಇಟ್ಟು ರಿವೆಟ್ ಹೊಡೀಬೇಕು.

ಈಗ ನಮ್ಮ ಹುಡುಗನ ಕೆಲಸಕ್ಕೆ ಬರ್ತೀನಿ. ಐಟಿಐಲಿ ಫಿಟ್ಟರ್ ಓದವ್ನೆ, ಪೀಣ್ಯದಲ್ಲಿ ಕೆಲಸ, ಶನಿವಾರ ರಾತ್ರಿ ಊರಿಗೆ ಬರ್ತಾನೆ. ಅವನ ಲೆಕ್ಕ ಸುಲಭ: ನಿಜದ ವಿಮಾನದಲ್ಲಿ ನಾಲ್ಕಡಿ ಇದ್ರೆ ಇಲ್ಲಿ ಒಂದಿಂಚು. 104 ಅಡಿ ರೆಕ್ಕೆ 26 ಇಂಚಾಯ್ತು. ಮೈನ ಚನ್ನಪಟ್ಟಣದ ಗೊಂಬೆ ಮಾಡೋ ಆಲೆ ಮರದಲ್ಲಿ ಕೆತ್ತವ್ನೆ. ಲೋಹದ ಭಾಗ ಒಂದೂ ಕೊಂಡಿಲ್ಲ, ಎಲ್ಲ ಮನೇಲೇ ಮಾಡಿದ್ದು.

ಎಂಜಿನ್ ನಾಲ್ಕಡಿ ಅಗಲ, ಅಂದ್ರೆ ಇಲ್ಲಿ ಒಂದಿಂಚು. ಅಷ್ಟರೊಳಗೆ ಏಳೇಳರಂತೆ ಎರಡು ಸಾಲು, ಹದಿನಾಲ್ಕು ಸಿಲಿಂಡರು. ಎರಡು ಎಂಜಿನ್ನಿಗೆ ಇಪ್ಪತ್ತೆಂಟು. ಮೆಣಸಿನಕಾಳಿನಷ್ಟು ದಪ್ಪದ ಹಿತ್ತಾಳೆ ಕಡ್ಡಿ ಕತ್ತರಿಸಿ, ಅದರ ಮೇಲೆ ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದ ಸಣ್ಣ ತಾಮ್ರದ ತಂತಿನ ಒತ್ತೊತ್ತಾಗಿ ಸುತ್ತವ್ನೆ. ಗಾಳಿಗೆ ಬಿಸಿ ಆರಲಿ ಅಂತ ನಿಜದ ಸಿಲಿಂಡರಿಗೆ ಏಣು ಏಣು ಇರ್ತದಲ್ಲ, ಥೇಟ್ ಹಂಗೇ ಕಾಣ್ತದೆ. ಬೋರ್‌ವೆಲ್ ಸುಟ್ಟು ನಾವು ಅತ್ತಿದ್ದೆಲ್ಲ ಅವನಿಗೆ ತಂತಿ ಆಯ್ತು!

ಪ್ರೊಪೆಲ್ಲರ್ ಮೂರಿಂಚು. ಹಿತ್ತಾಳೆ ಪಟ್ಟಿ ಗಡುಸು, ತಿರುಚಿದ್ರೆ ಬಿರುಕು ಬಿಡ್ತದೆ. ತುರುವೇಕೆರೆ ಅಕ್ಕಸಾಲಿಗರೊಬ್ರು ಹೇಳ್ಕೊಟ್ರು, ಕೆಂಪಗೆ ಕಾಯಿಸಿ ಆರಿಸು, ಮೆತ್ತಗಾಗ್ತದೆ ಅಂತ. ತೆಂಗಿನ ಚಿಪ್ಪಿನ ಇದ್ದಿಲ ಮೇಲೆ ಕಾಯಿಸಿ, ಆರಿಸಿ, ಒಂದೊಂದೇ ಅಲಗು ತಿರುಚಿ, ಅರದಲ್ಲಿ ಉಜ್ಜಿದ. ನಮ್ಮಲ್ಲಿ ಇದ್ದಿಲಿಗೇನು ಬರ.

ರಿವೆಟ್ ಕೆಲಸ ನೋಡಿ ನಂಗೆ ನಗು ಬಂತು. ಹಳೇ ಅಲಾರಂ ಗಡಿಯಾರದ ಹಲ್ಲಿನ ಚಕ್ರನ ಕಡ್ಡಿಗೆ ಸಿಕ್ಕಿಸ್ಕೊಂಡು, ತೆಳು ಅಲ್ಯೂಮಿನಿಯಂ ಹಾಳೆಯ ಹಿಂಬದಿಗೆ ಉರುಳಿಸ್ತಾನೆ. ಮುಂದೆ ಚುಕ್ಕಿ ಚುಕ್ಕಿ ಸಾಲು ಏಳ್ತದೆ. ನಾವು ಕರ್ಜಿಕಾಯಿ ಅಂಚಿಗೆ ಚಕ್ರ ಓಡಿಸಲ್ವಾ, ಅದೇ ಕೈಚಳಕ. "ಚಿಕ್ಕಮ್ಮ, ನೀವೇ ಒಂದು ಸಾಲು ಎಳೀರಿ" ಅಂದ. ಎಡಗಡೆ ರೆಕ್ಕೆ ಕೆಳಗಿನ ಎರಡು ಸಾಲು ನಂದು.

ಬೆಸುಗೆ ಮಾತ್ರ ಕಷ್ಟದ್ದು. ನಮ್ಮ ಬೀದಿಗೆ ಕಲಾಯಿ ಸಾಬರು ಬರ್ತಿದ್ದಿದ್ದು ದೊಡ್ಡೋರಿಗೆಲ್ಲ ನೆಪ್ಪಿರ್ತದೆ. ಪಾತ್ರೆ ಉಜ್ಜಿ, ಕಾಯಿಸಿ, ನವಸಾಗರ ಎರಚಿದ್ರೆ ಬಿಳೀ ಹೊಗೆ, ಆಮೇಲೆ ತವರ ಒರೆಸಿದ್ರೆ ಫಳಫಳ. ಇದೂ ಅದೇ ತವರದ ವಂಶ, ಸೀಸ ಬೆರೆಸಿರ್ತಾರೆ. ಕೊಳೆ ಇದ್ದ ಕಡೆ ತವರ ಹಿಡಿಯಲ್ಲ, ಪಾತ್ರೆಗೂ ವಿಮಾನಕ್ಕೂ ಒಂದೇ ನಿಯಮ. ಒಂದು ಕಡೆ ಬೆಸೆದು ಇನ್ನೊಂದು ಕಡೆ ಕಾಯಿಸಿದ್ರೆ ಮೊದಲನೇದು ಕರಗಿ ಉದುರ್ತದೆ. ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಕಾಪಾಡ್ಕೋತಾನೆ. ಮುಗಿದ ಮೇಲೆ ಹುಣಸೆಹಣ್ಣಲ್ಲಿ ತಿಕ್ಕಿ ತೊಳೆಯೋ ಕೆಲಸ ನನ್ನ ಪಾಲಿಗೆ. ಹಂಗೇ ಬಿಟ್ರೆ ಹಿತ್ತಾಳೆ ಹಸಿರು ಹಿಡೀತದೆ.

ಈಗ ಮನೇಲಿ ಒಂದು ವ್ಯಾಜ್ಯ ನಡೀತಾ ಅದೆ. ಬೆಂಗಳೂರಿನವರೊಬ್ರು ಬಂದು ನೋಡಿ, ಹುಡುಗನ ಎರಡು ತಿಂಗಳ ಸಂಬಳದಷ್ಟು ದುಡ್ಡು ಕೊಡ್ತೀವಿ ಅಂದವ್ರೆ. ಅವರಿಗೆ ಬೇಕಾಗಿರೋದು ಹಾರೋ ವಿಮಾನ, ಆಫೀಸಿನ ಚಾವಣಿಗೆ ತೂಗು ಹಾಕೋಕೆ. ಗಾಲಿ ಬ್ಯಾಡ, ನೋಡೋಕೆ ಚೆನ್ನಾಗಿರಲ್ಲ ಅಂತಾರೆ. ಇವನು ಗಾಲಿ ಇಲ್ದೆ ಕೊಡಲ್ಲ ಅಂತಾನೆ. ಭಾವ ಸಿಟ್ಟಾಗವ್ರೆ. ಈ ಸಲ ಕಾಯಿ ಇಳುವರಿ ನಿಮಗೆ ಗೊತ್ತೇ ಅದೆ, ನುಸಿ ರೋಗದ ಮೇಲೆ ಬಿಳಿನೊಣ ಬೇರೆ. ಅಕ್ಕನೂ "ಗಾಲಿ ಬಿಚ್ಚಿ ಕೊಟ್ಟು ದುಡ್ಡು ಇಸ್ಕೊಳಪ್ಪ" ಅಂದ್ರು.

ನಾನು ಹುಡುಗನ ಕಡೆ. ಕ್ಯಾಟಲೀನಾ ಮೂರು ಸಾವಿರಕ್ಕೂ ಮೇಲೆ ಮಾಡವ್ರೆ, ಹಾರೋ ಫೋಟೋ ಲೋಕದಲ್ಲೆಲ್ಲ ಸಿಗ್ತವೆ. ನಮ್ಮ ಸೀಮೆಯೋರು ಆ ವಿಮಾನ ಮುಟ್ಟಿದ್ದು ಅದು ಹಾರೋವಾಗಲ್ಲ, ಗಾಲಿ ಮೇಲೆ ದಡಕ್ಕೆ ಬಂದಾಗ. ತಗಡು ಬದಲಾಯಿಸಿದೋರು, ರಿವೆಟ್ ಹೊಡೆದೋರು ಎಷ್ಟೋ ಸಾವಿರ ಜನ. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೇಲಿ ರೈಲು ಬೋಗಿಗಳನ್ನೂ ಮಾಡಿದ್ರು. ಹಾರೋ ಮಾದರಿಯಲ್ಲಿ ಅವರಿಗೆ ಜಾಗ ಎಲ್ಲಿ? ನಿಜದ್ದು ಬಿಚ್ಚೋ ಗಾಲಿ ತಾನೇ, ನೀನೂ ಬಿಚ್ಚೋ ಹಂಗೆ ಮಾಡಿ ಕೊಟ್ಬಿಡು ಅಂತ ಒಂದು ದಾರಿ ಹೇಳಿ ನೋಡ್ದೆ. "ಬಿಚ್ಚಿದ್ದು ಡ್ರಾಯರಿಗೆ ಹೋಗ್ತದೆ ಚಿಕ್ಕಮ್ಮ" ಅಂದ. ಅದೂ ಸರಿಯೇ. ಅವರು ಯುಗಾದಿವರೆಗೆ ಟೈಮ್ ಕೊಟ್ಟವ್ರೆ.

ಪಕ್ಕದ ಗಾಲಿ ಎರಡೂ ಕಡೆದು ಮುಗಿದವೆ, ಬಾಲದ್ದು ಬಾಕಿ. ಅದರ ಕಾಲಿಗೆ, ರೆಕ್ಕೆ ತುದಿ ತೇಲುಬುರುಡೆಯ ಊರುಗೋಲಿಗೆ ಸಣ್ಣ ಹಿತ್ತಾಳೆ ಕೊಳವೆ ಬೇಕು. ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಎಳೆಯೋ ಏರಿಯಲ್ ಕಡ್ಡಿ ಒಂದರೊಳಗೊಂದು ಕೂರೋ ಕೊಳವೆ, ಅದಕ್ಕಿಂತ ಚೆನ್ನಾಗಿರೋದು ಸಿಗಲ್ಲ ಅಂತಾನೆ. ನಿಮ್ಮ ಅಟ್ಟದಲ್ಲಿ ಕೆಟ್ಟ ರೇಡಿಯೋ ಇದ್ರೆ ಗುಜರಿಯೋರಿಗೆ ಹಾಕ್ಬ್ಯಾಡಿ, ಭಾನುವಾರದೊಳಗೆ ನಮ್ಮನೆಗೆ ಕಳಿಸಿ.