ಗಾಜಿನ ತೊಟ್ಟಿಯ ಕಡಲು ಮತ್ತು ಕೆರೆಯ ಪಾಚಿ



ಚಳ್ಳಕೆರೆಯ ಹೆಸರಿನಲ್ಲಿಯೇ ಕೆರೆ ಇದೆ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಮಳೆಗಾಲ ಕಳೆದು ಕೆರೆಯ ನೀರು ಇಳಿಯತೊಡಗಿದಂತೆ ಅಂಚಿನಲ್ಲಿ ಹಸಿರು ಕಟ್ಟುತ್ತದೆ. ಕುರಿ ಕಾಯುವವರಿಗೂ ದನ ಮೇಯಿಸುವವರಿಗೂ ಈ ಪಾಚಿಯ ಪರಿಚಯ ಹೊಸದಲ್ಲ. ಸಮುದ್ರ ಕಾಣಬೇಕಾದರೆ ಘಟ್ಟವನ್ನೇ ಇಳಿಯಬೇಕಾದ ಈ ಸೀಮೆಯಲ್ಲಿ ಯಾರಾದರೊಬ್ಬರು ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟರೆ, ಅವರನ್ನು ಮೊದಲು ಕಾಡುವುದೂ ಪಾಚಿಯೇ. ಮನುಷ್ಯ ಅದರೊಡನೆ ಹೋರಾಡಿದ ಕತೆ ಸುಮಾರು ನೂರೆಪ್ಪತ್ತು ವರ್ಷಗಳಷ್ಟು ಹಳೆಯದು.

1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ಒಯ್ದರು. ನೀರಿಗೆ ಗಾಳಿ ಸೇರಲೆಂದು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಯಬೇಕಿತ್ತು. (ಆ ಕೆಲಸ ಹೆಚ್ಚಾಗಿ ಮನೆಯ ಕೆಲಸದಾಕೆಯ ಪಾಲಿಗೆ ಬಂತು, ಚರಿತ್ರೆ ಆಕೆಯನ್ನು ನೆನೆಯುವುದು ಕಡಿಮೆ.) ಮುಂದೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ತೊಟ್ಟಿಯಲ್ಲಿ ಎರಡು ಹೊಂಬಣ್ಣದ ಮೀನು, ಒಂದಿಷ್ಟು ನೀರುಗಿಡ ಇಟ್ಟು ನೋಡಿದರು. ಗಿಡದ ಎಲೆ ಕೊಳೆತು ನೀರು ಕದಡಿತು, ಗಾಜಿನ ಮೇಲೆ ಹಸಿರು ಹಬ್ಬಿತು. ಆಗ ಅವರು ತಂದುಬಿಟ್ಟದ್ದು ಬಸವನಹುಳುಗಳನ್ನು. ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದು ತೊಟ್ಟಿಯನ್ನು ತಿಳಿಗೊಳಿಸಿದವು. 1850ರಲ್ಲಿ ಅವರು ಈ ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ಮುಂದೆ ಕಡಲನೀರಿನಲ್ಲಿಯೂ ಇದೇ ಉಪಾಯಕ್ಕೆ ಕಡಲ ಬಸವನಹುಳುಗಳು ಬಂದವು. ಇಂದಿಗೂ ಹವ್ಯಾಸಿಗಳು ತೊಟ್ಟಿಗೆ ಬಿಡುವ ಮೊದಲ ಜೀವಿಗಳಲ್ಲಿ ಅವು ಸೇರಿವೆ.

1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಈ ಹವ್ಯಾಸ ಮನೆಮನೆಗೂ ಹಬ್ಬಿತು. ಆದರೆ ಬಹುಪಾಲು ತೊಟ್ಟಿಗಳು ಕಿಟಕಿಯ ಬೆಳಕಿನಲ್ಲಿದ್ದು ಹಸಿರು ಸಾರಿನಂತಾದವು. ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವರು ಕಟ್ಟಿದ ಮತ್ಸ್ಯಾಲಯದ ನೆಲದಡಿಯಲ್ಲಿ, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ಜಲಾಶಯವಿತ್ತು. ನೀರು ಹಗಲಿರುಳೂ ಮೇಲೆ ಕೆಳಗೆ ಹರಿದಾಡುತ್ತಿತ್ತು. ಬೆಳಕು ಸಿಗದ ನೀರಿನಲ್ಲಿ ಪಾಚಿ ಬೆಳೆಯಲಾರದು. ಔಷಧವಿಲ್ಲ, ಉಜ್ಜುವುದೂ ಕಡಿಮೆ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಉಪಾಯ ಇದೇ.

ಎಲ್ಲರೂ ಇಷ್ಟು ತಾಳ್ಮೆಯವರಲ್ಲ. 1904ರಲ್ಲಿ ಅಮೆರಿಕದ ಮೂರ್ ಮತ್ತು ಕೆಲರ್‌ಮನ್ ಎಂಬ ವಿಜ್ಞಾನಿಗಳು ಕುಡಿಯುವ ನೀರಿನ ಜಲಾಶಯಗಳಲ್ಲಿ ಪಾಚಿ ಕೊಲ್ಲಲು ಮೈಲುತುತ್ತವನ್ನು ಬಳಸುವ ವಿಧಾನ ಪ್ರಕಟಿಸಿದರು. ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ರೈತರಿಗೆ ಮೈಲುತುತ್ತ ಗೊತ್ತೇ ಇದೆ. ಕೆಲಸವೇನೋ ಬೇಗ ಆಗುತ್ತದೆ. ಆದರೆ ಹವಳ, ಸೀಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ತಾನು ಹೀರಿಕೊಂಡಿದ್ದ ಪೋಷಕಾಂಶವನ್ನು ನೀರಿಗೇ ಹಿಂತಿರುಗಿಸುತ್ತದೆ. ಕೆಲವು ವಾರಗಳಲ್ಲಿ ಮತ್ತೆ ಹಸಿರು. ಅಂಗಡಿಯ ಸೀಸೆಯಲ್ಲಿ ಸಿಗುವ ಪಾಚಿನಾಶಕಗಳನ್ನು ನಂಬಿದವರ ಪಾಡೂ ಹೆಚ್ಚುಕಡಿಮೆ ಇದೇ.

ಪಾಚಿ ಬೆಳೆಯುವುದಾದರೂ ಏಕೆ? ಇದಕ್ಕೆ ಕಣ್ಣಿಗೆ ಕಟ್ಟುವಂಥ ಉತ್ತರ ದೊರೆತದ್ದು 1973ರಲ್ಲಿ, ಕೆನಡಾದ ಒಂದು ಕೆರೆಯಲ್ಲಿ. ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಕೆರೆಯ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಪಾಲು ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು.

ಕೆರೆಯ ಪಾಚಿ ಬರಿಯ ಅಂದಗೇಡಲ್ಲ, ಪ್ರಾಣದ ಪ್ರಶ್ನೆಯೂ ಹೌದು. ನೀಲಿಹಸಿರು ಪಾಚಿ ಎಂದು ಕರೆಯುವ ಸೂಕ್ಷ್ಮಜೀವಿಗಳಲ್ಲಿ ಕೆಲವು ವಿಷಕಾರಿ. ಆಸ್ಟ್ರೇಲಿಯಾದ ಸರೋವರವೊಂದರಲ್ಲಿ ಇಂಥ ನೀರು ಕುಡಿದ ಕುರಿ, ದನ, ಕುದುರೆಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ 1878ರಲ್ಲಿಯೇ ವರದಿ ಮಾಡಿದ್ದರು. ಗಾಳಿ ಈ ಕೆನೆಯನ್ನು ಒಂದೇ ದಡಕ್ಕೆ ತಳ್ಳಿ ದಪ್ಪಗೆ ಕಟ್ಟಿಸುತ್ತದೆ. ಕುರಿ ಕಂಬಳಿಗೆ, ಅಮೃತ ಮಹಲ್ ಕಾವಲುಗಳಿಗೆ, ಮ್ಯಾಸಬೇಡರ ದೇವರ ಎತ್ತುಗಳಿಗೆ ಹೆಸರಾದ ನಾಡಿನವರು ಇದನ್ನು ತಿಳಿದಿರಬೇಕು. ನೀರಿನ ಮೇಲೆ ಬಣ್ಣ ಬಳಿದಂತೆ ಹಸಿರು ತೇಲುತ್ತಿದ್ದರೆ ಅಲ್ಲಿ ಹಿಂಡನ್ನು ಇಳಿಸಬಾರದು.

ಇನ್ನು ಮನೆಯ ತೊಟ್ಟಿ. ಒಳನಾಡಿನಲ್ಲಿ ಕಡಲನೀರು ಸಿಗದು. ಸಿದ್ಧ ಉಪ್ಪಿನ ಪುಡಿಯನ್ನು ನೀರಿಗೆ ಬೆರೆಸಬೇಕು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ಆಗದು. ಎಡವಟ್ಟಾಗುವುದು ನೀರಿನಲ್ಲಿ. ಈ ಭಾಗದ ಕೊಳವೆಬಾವಿಯ ನೀರು ಗಡಸು, ಹಲವೆಡೆ ಫ್ಲೋರೈಡ್, ನೈಟ್ರೇಟ್ ಕೂಡ ಉಂಟು. ಅದನ್ನೇ ಸುರಿದರೆ ಪಾಚಿಗೆ ಗೊಬ್ಬರ ಹಾಕಿದಂತೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವಂಥ ಆರ್‌ಓ ಯಂತ್ರದ ನೀರು ಮೇಲು. ಚಳ್ಳಕೆರೆಯ ಬಿಸಿಲಿಗೆ ತೊಟ್ಟಿಯ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಬೇಕು. ಮೀನಿಗೆ ಹಾಕುವ ಆಹಾರದಲ್ಲಿಯೂ ರಂಜಕವಿದೆ. ತಿಂದು ಉಳಿದದ್ದೆಲ್ಲ ಪಾಚಿಯ ಪಾಲು. ಅಲಂಕಾರಕ್ಕೆಂದು ನೇತ್ರಾಣಿಯಿಂದ ಹವಳ ಕಿತ್ತು ತರುವ ಮಾತು ಬೇಡ. 2001ರಿಂದ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದ ಆರಂಭದಲ್ಲಿ ಇನ್ನೊಂದು ದಾರಿ ತೋರಿದರು. ತೊಟ್ಟಿಯ ಹೊರಗೆ ಒಂದು ಜಾಲರಿಯ ಮೇಲೆ ನೀರು ಹರಿಸಿ, ದೀಪ ಹಾಕಿ, ಬೇಕೆಂದೇ ಪಾಚಿ ಬೆಳೆಸುವುದು. ಆಗಾಗ ಅದನ್ನು ಕೆರೆದು ಎಸೆಯುವುದು. ಪಾಚಿಯೊಡನೆ ಪೋಷಕಾಂಶವೂ ಹೊರಹೋಗುತ್ತದೆ, ತೊಟ್ಟಿಯೊಳಗಿನ ಪಾಚಿ ಹಸಿದು ಸಾಯುತ್ತದೆ. ಕೇಳಲು ಹೊಸತು. ಆದರೆ ನಮ್ಮ ರೈತರು ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಗಾಡಿಗಟ್ಟಲೆ ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದಾಗ ಆಗುತ್ತಿದ್ದುದೂ ಇದೇ. ರಂಜಕ ಹೂಳಿಗೆ ಅಂಟಿಕೊಂಡು ಕೆರೆಯ ತಳದಲ್ಲಿ ಕೂರುತ್ತದೆ. ಗೋಡಿನೊಡನೆ ಅದು ಹೊಲ ಸೇರಿ ಬೆಳೆಗೆ ಒದಗುತ್ತಿತ್ತು. ಅವರು ಹೊತ್ತದ್ದು ಗೊಬ್ಬರಕ್ಕೆಂದು, ಕೆರೆ ತಿಳಿಯಾಗಲೆಂದಲ್ಲ. ರಾಸಾಯನಿಕ ಗೊಬ್ಬರ ಬಂದ ಮೇಲೆ ಗೋಡು ಹೊರುವುದು ಕಡಿಮೆಯಾಯಿತು. ಹೂಳೂ ರಂಜಕವೂ ಕೆರೆಯಲ್ಲಿಯೇ ಉಳಿದವು.